ದುಭಾಷಿ ಬಂದರೆ ಸಾಕಾ?

ಕಿವಿ ಕೇಳದ ಸಾಕ್ಷಿ ಇದ್ದಾರೆ ಅಂದ ಕೂಡಲೇ ಕೋರ್ಟಿನಲ್ಲಿ ಯಾರಾದರೂ ಹೇಳುವುದು ಇದು: 'ಅವರಕ್ಕ ಬಂದಿದ್ದಾರಲ್ಲ, ಅವರೇ ಹೇಳಲಿ ಬಿಡಿ.' ಕಾಯುವುದು ತಪ್ಪುತ್ತದೆ, ನಿಜ. ಆದರೆ ಆರೋಪಿ ಮನೆಯವನೇ ಆಗಿದ್ದರೆ? ಆಸ್ತಿಯಲ್ಲಿ ಅಕ್ಕನಿಗೂ ಪಾಲಿದ್ದರೆ? ಸರಿ, ಬರೆದು ತೋರಿಸೋಣ ಅನ್ನುತ್ತಾರೆ. ಹುಟ್ಟಿನಿಂದ ಕಿವಿ ಕೇಳದ ಬಹಳ ಜನರಿಗೆ ಬರಹದ ಭಾಷೆ ಎರಡನೇ ಭಾಷೆ. ಇನ್ನು ತುಟಿ ನೋಡಿ ತಿಳಿಯುವ ಮಾತು. ಕನ್ನಡಿ ಮುಂದೆ ದನಿ ಬಿಡದೆ 'ಬಡಿ', 'ಮಡಿ', 'ಪಡಿ' ಅಂದು ನೋಡಿ. ಮೂರೂ ಒಂದೇ ಥರ ಕಾಣುತ್ತವೆ.

ಅದಕ್ಕೇ ತರಬೇತಿ ಪಡೆದ ಸನ್ನೆ ಭಾಷೆಯ ದುಭಾಷಿ ಬೇಕು. ಅದೂ ವಿಚಾರಣೆ ದಿನಕ್ಕೆ ಮಾತ್ರ ಅಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 13ನೇ ವಿಧಿ ತನಿಖೆಯ ಹಂತವನ್ನೂ ಹೆಸರಿಸಿಯೇ ಹೇಳುತ್ತದೆ. ಪೊಲೀಸರು ಬರೆದುಕೊಂಡ ಮೊದಲ ಹೇಳಿಕೆಯೇ ತಪ್ಪಾದರೆ ಆಮೇಲೆ ಎಂಥ ದುಭಾಷಿ ಬಂದರೂ ಕಷ್ಟ. ಅಂದಹಾಗೆ, ಸನ್ನೆಯಲ್ಲಿ ಮಾತಾಡುವವರ ಕೈಗೆ ಕೋಳ ಹಾಕಿದರೆ ಬಾಯಿಗೆ ಬಟ್ಟೆ ಕಟ್ಟಿದ ಹಾಗೇ.

ದುಭಾಷಿ ಬಂದ ಮೇಲೂ ಒಂದು ತೊಡಕಿದೆ. ಕೋರ್ಟಿನಲ್ಲಿ ಸನ್ನೆ ಭಾಷೆಯ ದುಭಾಷಿಯಾಗಿರುವ ನಾನು ವಕೀಲರಿಗೆ ಮೊದಲು ಹೇಳುವುದೇ ಅದನ್ನು. 'ಅವನು ನಿಮ್ಮನ್ನು ಹೊಡೆದನಾ?' ಅಂತ ನೀವು ಕೇಳುತ್ತೀರಿ. ಬಾಯಲ್ಲಿ 'ಹೊಡೆದ' ಅಂದರೆ ಮುಗಿಯಿತು. ಸನ್ನೆಯಲ್ಲಿ ಹಾಗಲ್ಲ. ಮುಷ್ಟಿಯಿಂದಲೋ, ಅಂಗೈಯಿಂದಲೋ, ದೊಣ್ಣೆ ಹಿಡಿದೋ, ಕೆನ್ನೆಗೋ, ಬೆನ್ನಿಗೋ ಅನ್ನುವುದೆಲ್ಲ ಸಾಮಾನ್ಯವಾಗಿ ಆ ಒಂದೇ ಸನ್ನೆಯಲ್ಲಿ ಬಂದುಬಿಡುತ್ತದೆ. ನಾನು ಸುಮ್ನೆ ಮುಷ್ಟಿ ಮಾಡಿ ಕೆನ್ನೆ ತೋರಿಸಿದರೆ ಉತ್ತರ ಹೇಳಿಕೊಟ್ಟ ಹಾಗಾಯಿತು. ನೀವು ಕೇಳದ ಸೂಚಕ ಪ್ರಶ್ನೆಯನ್ನು, ಅಂದರೆ ಉತ್ತರವನ್ನೂ ಒಳಗೇ ಇಟ್ಟುಕೊಂಡ ಪ್ರಶ್ನೆಯನ್ನು, ನಾನು ಕೇಳಿದೆ ಅಂತಾಗುತ್ತದೆ. ಅದಕ್ಕೇ ಅಲ್ಲಿ ನಿಲ್ಲಿಸಿ, ಪ್ರಶ್ನೆಯನ್ನು 'ಅವನು ಏನು ಮಾಡಿದ?' ಅಂತ ಬದಲಿಸಬಹುದಾ ಎಂದು ನ್ಯಾಯಾಧೀಶರನ್ನು ಕೇಳುತ್ತೇನೆ. ಪಾಟೀಸವಾಲಿನ ಓಟಕ್ಕೆ ಅಡ್ಡ ಬಂದೆ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ತಲೆಯಾಡಿಸುವುದೂ ಅಷ್ಟೇ ಅಪಾಯ. ಸನ್ನೆ ನೋಡುತ್ತಿರುವವರು 'ಹ್ಞೂಂ, ಗೊತ್ತಾಗ್ತಿದೆ, ಮುಂದೆ ಹೇಳಿ' ಅನ್ನಲು ತಲೆಯಾಡಿಸುತ್ತಲೇ ಇರುತ್ತಾರೆ. ಅದನ್ನು 'ಹೌದು, ಒಪ್ಪಿದ್ದೇನೆ' ಅಂತ ಬರೆದುಕೊಂಡರೆ ತಪ್ಪೊಪ್ಪಿಗೆಯೇ ಹುಟ್ಟಿಬಿಡುತ್ತದೆ, ಅಲ್ವಾ? ದಾಖಲೆಗೆ ಹೋಗುವುದು ನನ್ನ ಬಾಯಿಂದ ಬಂದ ಮಾತು, ಸಾಕ್ಷಿಯ ಕೈ ಅಲ್ಲ. ಹಾಗಾಗಿ ಇಂಥ ಹೇಳಿಕೆಯನ್ನು ವಿಡಿಯೋ ಮಾಡಲೇಬೇಕು ಅನ್ನುವುದು ನನ್ನ ಹಟ. ನಾಳೆ ನನ್ನ ಅನುವಾದವನ್ನೇ ಯಾರಾದರೂ ಪ್ರಶ್ನಿಸಿದರೆ ನೋಡಲು ಏನಾದರೂ ಇರಬೇಕಲ್ಲ.

ಶಾಲೆಗೆ ಹೋಗದೆ, ಮನೆಯವರ ಜೊತೆ ಬೆಳೆಸಿಕೊಂಡ ಸನ್ನೆಗಳಷ್ಟೇ ಬರುವವರೂ ಇರುತ್ತಾರೆ. ಅಲ್ಲಿ ನನ್ನಂಥವರ ಜೊತೆ ಕಿವಿ ಕೇಳದ ದುಭಾಷಿಯೊಬ್ಬರು ಬೇಕು. ಆ ಸನ್ನೆಗಳ ಜಾಡು ಅವರಿಗೆ ನಮಗಿಂತ ಬೇಗ ಸಿಗುತ್ತದೆ.

ಇಂಗ್ಲೆಂಡಿನಲ್ಲಿ 2022ರ ಕಾನೂನು ಬಂದ ಮೇಲೆ ಕಿವಿ ಕೇಳದವರು ಜ್ಯೂರಿಯಲ್ಲೂ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪಿನಲ್ಲೂ, ಕೂರಬಹುದು. 12 ಜನರ ಆ ಕೋಣೆಗೆ ದುಭಾಷಿಯೂ ಹೋಗಬಹುದು, ತೀರ್ಪಿನ ಚರ್ಚೆಯಲ್ಲಿ ತಾನು ಬಾಯಿ ಹಾಕುವಂತಿಲ್ಲ ಅಷ್ಟೇ.

ಇನ್ನು, ವಯಸ್ಸಾದ ಮೇಲೆ ಕಿವಿ ಹೋದವರಿಗೆ ನಾನು ಬೇಡವೇ ಬೇಡ. ಅವರಿಗೆ ಸಾಮಾನ್ಯವಾಗಿ ಸನ್ನೆ ಬರುವುದಿಲ್ಲ. ಆಡಿದ ಮಾತು ಆಗಿಂದಾಗಲೇ ಅಕ್ಷರವಾಗಿ ಕಾಣುವ ಪರದೆ ಹಾಕಿಸಿ. ಯಾರಿಗೆ ಯಾವುದು ಬೇಕು ಅಂತ ಸಮನ್ಸ್ ಕಳಿಸುವಾಗಲೇ ಅವರನ್ನೇ ಕೇಳಿಬಿಡಿ.