ಸಿಮ್ಯುಲೇಟರ್ ಮಾರ್ಗಕ್ಕೆ ಕಾರ್ಖಾನೆ ಸೈಡಿಂಗ್: ಕಟ್ಟಡಕ್ಕಿಂತ ಮೊದಲು ಅಳತೆ

ಓಪನ್ ರೈಲ್ಸ್ ಎಂಬ ರೈಲು ಸಿಮ್ಯುಲೇಟರಿನ ಮಾರ್ಗಗಳಲ್ಲಿ ಕಾಣುವ ಎಷ್ಟೋ ಕಾರ್ಖಾನೆಗಳು ನಾಟಕದ ಪರದೆ ಇದ್ದ ಹಾಗೆ. ಚಿಮಣಿ ಇದೆ, ಗೋದಾಮು ಇದೆ, ಪಕ್ಕದಲ್ಲಿ ಹಳಿಯೂ (ಸೈಡಿಂಗ್) ಇದೆ. ಆದರೆ ನಾಲ್ಕು ವ್ಯಾಗನ್ ಒಳಗೆ ತಳ್ಳಿ ನೋಡಿದರೆ ಕೊನೆಯದರ ಬಾಲ ಮುಖ್ಯ ಹಳಿಯ ಮೇಲೇ ಉಳಿದಿರುತ್ತದೆ. ಮೊದಲು ಮಾದರಿ ಕಟ್ಟಡ ಇಟ್ಟು, ಆಮೇಲೆ ಅದಕ್ಕೆ ಹಳಿ ಜೋಡಿಸಿದ್ದರ ಫಲ ಇದು. ಕ್ರಮ ತಿರುವುಮುರುವು ಆಗಬೇಕು: ಏನು ಬರುತ್ತದೆ, ಏನು ಹೋಗುತ್ತದೆ, ಯಾವ ವ್ಯಾಗನ್, ಒಂದು ಸಲಕ್ಕೆ ಎಷ್ಟು. ಇಷ್ಟು ಕಾಗದದ ಮೇಲೆ ಬಂದ ಮೇಲೆಯೇ ಮಾರ್ಗ ಕಟ್ಟುವ ಟಿಎಸ್‌ಆರ್‌ಇ ಎಡಿಟರ್ ತೆರೆಯುವುದು.

ಉದಾಹರಣೆಗೆ 2001ರಲ್ಲಿ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಜೊತೆಗೇ ಬಂದ ಅಮೆರಿಕದ ಮೊಂಟಾನಾದ ಮರಾಯಸ್ ಪಾಸ್ ಮಾರ್ಗವನ್ನು ತೆಗೆದುಕೊಳ್ಳೋಣ; ಓಪನ್ ರೈಲ್ಸಿನಲ್ಲೂ ಅದು ಓಡುತ್ತದೆ. ಬೆಟ್ಟದ ಪೂರ್ವಕ್ಕೆ ಗೋಧಿ ಬಯಲು, ಪಶ್ಚಿಮಕ್ಕೆ ಮರದ ದಿಮ್ಮಿಯ ಸೀಮೆ. ಬಯಲಿನ ಕಡೆ ಒಂದು ಧಾನ್ಯದ ಎಲಿವೇಟರ್ (ಧಾನ್ಯ ಕೂಡಿಟ್ಟು ವ್ಯಾಗನ್ನಿಗೆ ತುಂಬುವ ಎತ್ತರದ ಕಟ್ಟಡ) ಸೇರಿಸಬೇಕು, ಒಂದು ಸಲಕ್ಕೆ ಆರು ಮುಚ್ಚಿದ ಹಾಪರ್ ವ್ಯಾಗನ್ ತುಂಬಬೇಕು ಎಂದುಕೊಳ್ಳಿ. ಖಾಲಿ ಬಂದು ತುಂಬಿ ಹೋಗುವ ಕಾರ್ಖಾನೆ ಇದು. ಹಿಂಡಿ ಗಿರಣಿಯಾದರೆ ತದ್ವಿರುದ್ಧ.

ಒಂದು ಹಾಪರ್ ಸುಮಾರು 18 ಮೀಟರ್. ಆರು ಹಾಪರ್‌ಗೆ 108 ಮೀಟರ್ ಸಾಕಲ್ಲವೇ ಎಂದು ಅಷ್ಟೇ ಹಳಿ ಹಾಕುವುದು ಮಾಮೂಲಿ ತಪ್ಪು. ಧಾನ್ಯ ಸುರಿಯುವ ಕೊಳವೆ ಇರುವುದು ಒಂದೇ. ಹಾಪರ್‌ಗಳು ಒಂದೊಂದಾಗಿ ಅದರ ಕೆಳಗೆ ಬರಬೇಕು. ಮೊದಲನೆಯದು ಕೊಳವೆಯ ಕೆಳಗಿದ್ದಾಗ ಉಳಿದ ಐದು ಈಚೆ ನಿಂತಿರುತ್ತವೆ. ಕೊನೆಯದು ಬಂದಾಗ ಐದೂ ಆಚೆ ಹೋಗಿರುತ್ತವೆ. ಅಂದರೆ ಐದು, ಒಂದು, ಮತ್ತೆ ಐದು: ಹನ್ನೊಂದು ಹಾಪರ್ ಉದ್ದ, 198 ಮೀಟರ್. ತಳ್ಳುವ ಇಂಜಿನ್ ಮುಖ್ಯ ಹಳಿಗೆ ಅಡ್ಡ ಬರಬಾರದು ಎಂದರೆ ಅದಕ್ಕೂ ಜಾಗ ಬೇಕು. ಜಿಪಿ38-2 ಡೀಸೆಲ್ ಇಂಜಿನ್ ಕೂಡ ಸುಮಾರು 18 ಮೀಟರ್. ತುದಿಯ ತಡೆಗಟ್ಟೆಯ ಹತ್ತಿರ ನಾಲ್ಕೈದು ಮೀಟರ್ ಬಿಟ್ಟರೆ ಒಟ್ಟು ಸುಮಾರು 220. ಎಲಿವೇಟರ್ ಕಟ್ಟಡ ತುದಿಯಲ್ಲಿ ಅಲ್ಲ, ಹೆಚ್ಚುಕಡಿಮೆ ನಡುವೆ ಬರುತ್ತದೆ. ತುದಿಯಲ್ಲಿ ಇಟ್ಟರೆ ಒಂದೇ ಹಾಪರ್ ತುಂಬಿಸಲು ಸಾಧ್ಯ.

ಈ 220 ಮೀಟರನ್ನು ಹಳಿ ಕವಲೊಡೆಯುವ ಪಾಯಿಂಟಿನಿಂದ ಅಳೆಯಬಾರದು. ಪಕ್ಕದ ಹಳಿಯಲ್ಲಿ ಗಾಡಿ ಸುರಕ್ಷಿತವಾಗಿ ಹಾದುಹೋಗುವಷ್ಟು ಎಡೆ ಸಿಗುವ ಫೌಲಿಂಗ್ ಜಾಗದಿಂದ ಅಳೆಯಬೇಕು. ಎರಡು ಹಳಿಗಳ ನಡುಗೆರೆಗಳು ಸುಮಾರು 4 ಮೀಟರ್ ದೂರವಾಗುವ ಜಾಗ ಅದು. ಆಟದ ಜೊತೆ ಬಂದ 10 ಡಿಗ್ರಿ ಪಾಯಿಂಟ್ ಜಾಗ ಉಳಿಸುತ್ತದೆ, ನಿಜ. ಆದರೆ ಅಮೆರಿಕದ 8ನೇ ನಂಬರ್ ಪಾಯಿಂಟಿನ ಕೋನ 7 ಡಿಗ್ರಿಯ ಆಸುಪಾಸು, 10ನೇ ನಂಬರಿನದು ಆರಕ್ಕಿಂತ ಕಡಿಮೆ. ಚಿಕ್ಕ ಹಾಪರ್‌ಗೆ 10 ಡಿಗ್ರಿ ನಡೆದೀತು. 89 ಅಡಿಯ ಫ್ಲಾಟ್ ವ್ಯಾಗನ್ ಅದರ ಮೇಲೆ ತಿರುಗುವಾಗ ನೋಡಲಾಗದು.

ಇನ್ನು ಪಾಯಿಂಟಿನ ದಿಕ್ಕು. ಇಡೀ ಶಂಟಿಂಗಿನ, ಅಂದರೆ ವ್ಯಾಗನ್ ಎಳೆದು ತಳ್ಳಿ ಜಾಗಕ್ಕೆ ಸೇರಿಸುವ ಕೆಲಸದ, ರುಚಿ ಇರುವುದು ಇಲ್ಲೇ. (ಅಮೆರಿಕದವರು ಸ್ವಿಚಿಂಗ್ ಎನ್ನುವುದು ನಮ್ಮ ಶಂಟಿಂಗನ್ನೇ.) ಗಾಡಿ ಪಾಯಿಂಟ್ ದಾಟಿ ನಿಂತು, ಹಿಂದಕ್ಕೆ ತಳ್ಳಿ ವ್ಯಾಗನ್ ಒಳಗಿಡುವಂತಿದ್ದರೆ ಅದು ಟ್ರೇಲಿಂಗ್, ಕೆಲಸ ಸಲೀಸು. ಎದುರಿಗೇ ಕವಲೊಡೆದರೆ ಫೇಸಿಂಗ್. ಇಂಜಿನ್ ಮೊದಲು ಒಳಹೊಕ್ಕು ತಡೆಗಟ್ಟೆಗೂ ವ್ಯಾಗನ್ನಿಗೂ ನಡುವೆ ಸಿಕ್ಕಿಬೀಳುತ್ತದೆ. ಆಗ ಎರಡು ದಾರಿ: ಹತ್ತಿರದ ಲೂಪಿನಲ್ಲಿ (ಎರಡೂ ತುದಿ ಮತ್ತೆ ಅದೇ ಹಳಿಗೆ ಸೇರುವ ಪಕ್ಕದ ಹಳಿ) ಇಂಜಿನ್ ಸುತ್ತಿಬಂದು ವ್ಯಾಗನ್‌ಗಳ ಹಿಂದೆ ಸೇರಿಕೊಳ್ಳುವುದು, ಇಲ್ಲವೇ ಆ ಕೆಲಸವನ್ನು ಮರಳಿ ಬರುವಾಗಿನ ಪ್ರಯಾಣಕ್ಕೆ ಬಿಡುವುದು. ನಿಜವಾದ ಲೋಕಲ್ ಗೂಡ್ಸ್ ಸಿಬ್ಬಂದಿ ಸಾಧ್ಯವಾದಾಗಲೆಲ್ಲ ಎರಡನೆಯದನ್ನೇ ಮಾಡುತ್ತಾರೆ. ಮಾರ್ಗ ಕಟ್ಟುವವರು ಎಲ್ಲ ಸೈಡಿಂಗನ್ನೂ ಟ್ರೇಲಿಂಗ್ ಮಾಡಿಬಿಟ್ಟರೆ ಆಟಗಾರನಿಗೆ ತಲೆ ಓಡಿಸುವ ಕೆಲಸವೇ ಇರುವುದಿಲ್ಲ. ನಾಲ್ಕರಲ್ಲಿ ಒಂದಾದರೂ ಫೇಸಿಂಗ್ ಇರಲಿ.

ಲೂಪಿಗೆ ಇಡೀ ಗಾಡಿ ಹಿಡಿಸಬೇಕಿಲ್ಲ. ಸುತ್ತಿಬರಬೇಕಾದ ವ್ಯಾಗನ್‌ಗಳು ಎರಡೂ ಫೌಲಿಂಗ್ ಜಾಗಗಳ ನಡುವೆ ಹಿಡಿಸಿದರೆ ಸಾಕು. ಆರು ಹಾಪರ್‌ಗೆ 120 ಮೀಟರ್ ಸಾಲುತ್ತದೆ. ಶಾಖಾ ಹಳಿಯ ಕೊನೆಯಲ್ಲಿರುವ ಲೂಪಾದರೆ ಆಚೆಯ ಬಾಲದ ತುಂಡನ್ನು ಮರೆಯಬೇಡಿ. ಅದು ಇಂಜಿನ್ನಿಗಿಂತ ಚಿಕ್ಕದಾದರೆ ಇಂಜಿನ್ ಪಾಯಿಂಟ್ ದಾಟಿ ನಿಲ್ಲಲಾಗದು. ಲೂಪ್ ಇದ್ದೂ ಇಲ್ಲದಂತೆ.

ಇಳಿಜಾರು: ಸೈಡಿಂಗ್ ಸಮತಟ್ಟಾಗಿರಲಿ, ಅಥವಾ ಮುಖ್ಯ ಹಳಿಯಿಂದ ದೂರಕ್ಕೆ ಸ್ವಲ್ಪ ಇಳಿಯಲಿ. ಓಡಿಹೋದ ವ್ಯಾಗನ್ ತಡೆಗಟ್ಟೆಗೆ ಬಡಿಯಬೇಕೇ ಹೊರತು ಮುಖ್ಯ ಹಳಿಗೆ ಬರಬಾರದು.

ಹಳಿ ಆದ ಮೇಲೆ ಸೈಡಿಂಗ್ ಮಾರ್ಕರ್, ಅಂದರೆ ಆ ಹಳಿಗೆ ಹೆಸರು ಕೊಡುವ ಗುರುತು. ಎರಡೂ ತುದಿಗೆ ಒಂದೊಂದು, ನಡುವೆ ಪಾಯಿಂಟ್ ಬರಬಾರದು. ಒಳಗೆ ಕವಲಿದ್ದರೆ ಪ್ರತಿ ತುಂಡಿಗೂ ಬೇರೆ ಜೋಡಿ, ಬೇರೆ ಹೆಸರು: "ಎಲಿವೇಟರ್ 1", "ಎಲಿವೇಟರ್ 2". ಬರೀ "ಸೈಡಿಂಗ್" ಎಂದು ಐದು ಕಡೆ ಬರೆದರೆ ಆಕ್ಟಿವಿಟಿ (ಆಟಗಾರನಿಗೆ ಕೊಡುವ ಕೆಲಸ) ಬರೆಯುವ ಎಡಿಟರಿನ ಪಟ್ಟಿಯಲ್ಲಿ ಯಾವುದು ಎಲ್ಲಿಯದು ಎಂದು ಹುಡುಕಿ ಸಾಕಾಗುತ್ತದೆ. ಆಟದೊಳಗೆ ಎಫ್6 ಒತ್ತಿದರೆ ಕಾಣುವುದೂ ಇದೇ ಹೆಸರು. ಮಾರ್ಕರ್ ಫೌಲಿಂಗ್ ಜಾಗ ದಾಟಿ ಸೈಡಿಂಗಿನ ಒಳಗೇ ಇರಲಿ. ಪಾಯಿಂಟಿಗೆ ಅಂಟಿಸಿ ಇಟ್ಟರೆ ನಿಂತ ವ್ಯಾಗನ್ ಮೊದಲ ಕ್ಷಣದಿಂದಲೇ ದಾರಿಗೆ ಅಡ್ಡ.

ತುಂಬಿಸುವುದಕ್ಕೆ ಎರಡು ವಿಧಾನ. ಹಳೆಯದು: ಖಾಲಿ ಮತ್ತು ತುಂಬಿದ ಹಾಪರ್‌ಗೆ ಬೇರೆ ಬೇರೆ ವ್ಯಾಗನ್ ಫೈಲ್, ತುಂಬಿದವನ್ನು ಮೊದಲೇ ಸೈಡಿಂಗಿನಲ್ಲಿ ನಿಲ್ಲಿಸಿ, ಆಟಗಾರ ಖಾಲಿ ಬಿಟ್ಟು ತುಂಬಿದ್ದನ್ನು ಒಯ್ಯುತ್ತಾನೆ. ಸರಳ, ಕೈಕೊಡುವುದಿಲ್ಲ. ಹೊಸದು ಓಪನ್ ರೈಲ್ಸಿನ ಫ್ರೈಟ್ ಅನಿಮೇಶನ್: ಮಾರ್ಗದಲ್ಲಿ ಪಿಕಪ್ ವಸ್ತು (ಸರಕು ತುಂಬಿಸುವ ತಾಣ), ವ್ಯಾಗನ್ ಫೈಲಿನಲ್ಲಿ ಅದಕ್ಕೆ ಹೊಂದುವ ಇನ್‌ಟೇಕ್ ಪಾಯಿಂಟ್ (ಸರಕು ಒಳಬರುವ ಜಾಗ), ತುಂಬಿಸಲು ಟಿ ಕೀಲಿ. ಇಲ್ಲಿ ಕೈಕೊಡುವ ಜಾಗ ಎರಡು. ಪಿಕಪ್ ಧಾನ್ಯದ್ದು, ವ್ಯಾಗನ್ ಕಲ್ಲಿದ್ದಲಿನದು ಎಂದಾದರೆ ಏನೂ ಆಗುವುದಿಲ್ಲ. ಖಾಲಿ ತೂಕದ ಸಾಲು ಸರಿಯಿಲ್ಲದಿದ್ದರೆ ಧಾನ್ಯ ಕಣ್ಣಿಗೆ ಕಂಡರೂ ಇಂಜಿನ್ನಿಗೆ ಭಾರ ಗೊತ್ತಾಗುವುದಿಲ್ಲ. ಖಾಲಿ ಹಾಪರ್ ಸುಮಾರು 29 ಟನ್. ಅಮೆರಿಕದಲ್ಲಿ ವ್ಯಾಗನ್, ಸರಕು ಎರಡೂ ಸೇರಿದ 2,86,000 ಪೌಂಡಿನ ಮಿತಿಗೆ ತುಂಬಿದರೆ ಸುಮಾರು 130. ಆರಕ್ಕೆ 174 ಟನ್ ಎಲ್ಲಿ, 780 ಎಲ್ಲಿ! ಬ್ರೇಕ್ ಹಾಕುವ ಜಾಗವೇ ಬದಲಾಗಬೇಕು.

ಆಕ್ಟಿವಿಟಿಯಲ್ಲಿ ವ್ಯಾಗನ್ ಎತ್ತಿಕೊಳ್ಳುವ, ಬಿಡುವ (ಪಿಕಪ್, ಡ್ರಾಪ್) ಘಟನೆಗಳು ವ್ಯಾಗನ್‌ಗಳನ್ನು ಹೆಸರಿನಿಂದಲ್ಲ, ಗುರುತು ಸಂಖ್ಯೆಯಿಂದ ಹಿಡಿಯುತ್ತವೆ. ಹಾಗಾಗಿ ಘಟನೆ ಬರೆದ ಮೇಲೆ ಕನ್ಸಿಸ್ಟಿನಲ್ಲಿ (ಗಾಡಿಯ ಇಂಜಿನ್, ವ್ಯಾಗನ್‌ಗಳ ಪಟ್ಟಿ) ಒಂದು ವ್ಯಾಗನ್ ಸೇರಿಸಿದರೂ ಲೆಕ್ಕ ತಪ್ಪಿ, ಎಲ್ಲ ಸರಿಯಾಗಿ ಮಾಡಿದ ಆಟಗಾರನಿಗೂ ಕೆಲಸ "ಮುಗಿಯದೆ" ಉಳಿಯುತ್ತದೆ. ಮೊದಲು ಕನ್ಸಿಸ್ಟ್ ಅಂತಿಮ ಮಾಡಿ, ಆಮೇಲೆ ಘಟನೆ.

ಆಡುವಾಗ ಹೆಚ್ಚು ಬರುವ ದೂರು: ಜಿ ಒತ್ತಿದರೂ ಪಾಯಿಂಟ್ ತಿರುಗುವುದಿಲ್ಲ. ಸಿಗ್ನಲ್ ವ್ಯವಸ್ಥೆ ಆ ಹಳಿಯನ್ನು ನಿಮ್ಮ ಗಾಡಿಗೇ ಕಾದಿರಿಸಿರುತ್ತದೆ. ಗಾಡಿ ನಿಲ್ಲಿಸಿ ಕಂಟ್ರೋಲ್-ಎಂ ಒತ್ತಿ ಮ್ಯಾನ್ಯುಯಲ್ ಮೋಡಿಗೆ ಹೋಗಿ. ಹಿಂದಿನ ಪಾಯಿಂಟಿಗೆ ಶಿಫ್ಟ್-ಜಿ, ಕೊಂಡಿ ಬಿಡಿಸಲು ಎಫ್9. ಜೋಡಿಸುವಾಗ ವೇಗ ಗಂಟೆಗೆ 4 ಮೈಲು ಮೀರದಿರಲಿ.

ಇದೇ ಲೆಕ್ಕವನ್ನು ತೋರಣಗಲ್ಲು, ವಾಡಿ, ಶಕ್ತಿನಗರಗಳ ಮಾರ್ಗಕ್ಕೆ ಹಾಗೇ ತಂದರೆ ಹೊಂದುವುದಿಲ್ಲ. ನಮ್ಮಲ್ಲಿ ಬಿಡಿ ವ್ಯಾಗನ್ ಸಾಗಣೆ ಹೆಚ್ಚುಕಡಿಮೆ ಹೋಗಿ, ಇಡೀ ರೇಕ್ (ಒಟ್ಟಿಗೇ ಸಾಗುವ ವ್ಯಾಗನ್‌ಗಳ ಸಾಲು) ಒಂದೇ ಕಡೆಗೆ ಹೋಗುತ್ತದೆ. ಮೇಲೆ ತೆರೆದ ಬಾಕ್ಸ್‌ಎನ್ ವ್ಯಾಗನ್ 10.713 ಮೀಟರ್; 58 ಸೇರಿದರೆ 621. ಇಂಜಿನ್, ಬ್ರೇಕ್ ವ್ಯಾನ್ ಸೇರಿಸಿ ನೋಡಿದರೆ ನಮ್ಮ ರೈಲ್ವೆಯ ಲೂಪಿನ ಮಾಮೂಲಿ ಉದ್ದ 686 ಮೀಟರ್ ಯಾಕೆಂದು ತಿಳಿಯುತ್ತದೆ. ವಿದ್ಯುತ್ ಸ್ಥಾವರದಲ್ಲಿ ತಳ ತೆರೆಯುವ ಬಿಒಬಿಆರ್ ವ್ಯಾಗನ್‌ಗಳ ರೇಕ್ ಟ್ರ್ಯಾಕ್ ಹಾಪರಿನ (ಹಳಿಯ ಕೆಳಗಿನ ಗುಂಡಿ) ಮೇಲೆ ನಿಧಾನ ಸರಿಯುತ್ತಾ ಕಲ್ಲಿದ್ದಲು ಸುರಿಯುತ್ತದೆ; ಬಾಕ್ಸ್‌ಎನ್ ಆದರೆ ಒಂದೊಂದೇ, ವ್ಯಾಗನ್ನನ್ನೇ ಮಗುಚಿ ಸುರಿಯುವ ಟಿಪ್ಲರಿಗೆ ಹೋಗಬೇಕು. ಎಲಿವೇಟರಿನ ಕೊಳವೆಯ ಗಣಿತವೇ ಅದು, ಆರರ ಬದಲು 58: ಒಂದೇ ನೇರ ಹಳಿಯಲ್ಲಿ ಹಾಕಹೊರಟರೆ ಟಿಪ್ಲರಿನ ಎರಡೂ ಕಡೆ ಸೇರಿ 115 ವ್ಯಾಗನ್ ಉದ್ದ, 1,232 ಮೀಟರ್. ಅಷ್ಟು ಜಾಗ ನಕ್ಷೆಯಲ್ಲಿ ಸಿಗದಿದ್ದರೆ ರೇಕನ್ನು ಎರಡು ತುಂಡು ಮಾಡಿ, ಪಕ್ಕದ ಹಳಿಯಲ್ಲಿ ಅರ್ಧ ನಿಲ್ಲಿಸಿ. 29ರ ತುಂಡಿಗೆ 57 ವ್ಯಾಗನ್ ಉದ್ದ, ಸುಮಾರು 611 ಮೀಟರ್ ಸಾಕು.