ಬರೆಯುವ ಲೂಪ್ ಒಂದೇ, ಓಡುವ ಲೂಪ್ ಬೇರೆ: ಟೈಪ್‌ಸ್ಕ್ರಿಪ್ಟ್ ಟಾರ್ಗೆಟ್‌ನ ಗೋಜಲು

2012ರಲ್ಲಿ ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸಿದ ಭಾಷೆ) ಬಂದಾಗ ಅದರ ಡೀಫಾಲ್ಟ್ ಟಾರ್ಗೆಟ್, ಅಂದರೆ ಕಂಪೈಲರ್ ಕೋಡನ್ನು ಇಳಿಸಿ ಕೊಡುವ ಜಾವಾಸ್ಕ್ರಿಪ್ಟ್ ಆವೃತ್ತಿ, ಇಎಸ್‌3 (ಇಎಸ್ ಎಂದರೆ ಜಾವಾಸ್ಕ್ರಿಪ್ಟ್‌ನ ಪ್ರಮಾಣಿತ ರೂಪ). ಹತ್ತು ವರ್ಷ ಅದೇ ಉಳಿಯಿತು, 2023ರ 5.0 ಆವೃತ್ತಿಯಲ್ಲಿ ಇಎಸ್‌5 ಆಯಿತು. ಈ ನಡುವೆ ಭಾಷೆಗೆ ಹೊಸ ಸ್ಟೇಟ್‌ಮೆಂಟ್‌ಗಳು ಬಂದವು. ಆದರೆ ಎಲ್ಲ ಟಾರ್ಗೆಟ್‌ಗಳಿಗೂ ಒಟ್ಟಿಗೆ ಬರಲಿಲ್ಲ.

ಸಂಗ್ರಹದ ಅಂಶಗಳನ್ನು ಒಂದೊಂದಾಗಿ ಕೊಡುವ ಫಾರ್-ಆಫ್ ಲೂಪನ್ನೇ ನೋಡಿ. 2015ರ 1.5 ಆವೃತ್ತಿ ಇದನ್ನು ಹಳೆಯ ಟಾರ್ಗೆಟ್‌ಗೂ ಕೊಟ್ಟಿತು, ಆದರೆ ಸೂಚ್ಯಂಕ ಎಣಿಸುವ ಮಾಮೂಲಿ ಫಾರ್ ಲೂಪ್ ಆಗಿ ಇಳಿಸಿ. ಅರೇಗೆ ಇದು ಸರಿ, ವೇಗವೂ ಹೌದು. ಸೂಚ್ಯಂಕವಿಲ್ಲದ ಸಂಗ್ರಹಗಳಾದ ಸೆಟ್ ಅಥವಾ ಮ್ಯಾಪ್ ಕೊಟ್ಟರೆ ಕಂಪೈಲರ್ ತಕರಾರು ತೆಗೆಯುತ್ತದೆ. ಆ ತಕರಾರನ್ನು 'ಎನಿ' (ಏನು ಬೇಕಾದರೂ ಆಗಬಹುದು) ಟೈಪ್ ಹಾಕಿ ಅಡಗಿಸಿದರೆ, ಅಥವಾ ಟೈಪ್ ಪರೀಕ್ಷೆಯಿಲ್ಲದೆ ಬರೀ ಪರಿವರ್ತನೆ ಮಾಡಿದರೆ, ಕೆಟ್ಟದ್ದು ಆಗುವುದು ಆಗಲೇ: ಸೆಟ್‌ಗೆ ಲೆಂಗ್ತ್ ಇಲ್ಲ, ಕೇಳಿದರೆ ಅನ್‌ಡಿಫೈನ್ಡ್ ಬರುತ್ತದೆ; ಸೊನ್ನೆ ಅದಕ್ಕಿಂತ ಚಿಕ್ಕದೇ ಎಂದು ಹೋಲಿಸಿದಾಗ ಉತ್ತರ ಸುಳ್ಳು, ಲೂಪ್ ಒಂದು ಸುತ್ತೂ ಓಡುವುದಿಲ್ಲ. ಎರರ್ ಕೂಡ ಇಲ್ಲ. ಸ್ಟ್ರಿಂಗ್‌ನಲ್ಲಿ ಇಮೋಜಿ ಇದ್ದರೆ ಅದು ಎರಡು ತುಂಡಾಗಿ ಬರುತ್ತದೆ.

ಪರಿಹಾರ ಬಂದಿದ್ದು 2017ರ 2.3ರಲ್ಲಿ, ಡೌನ್‌ಲೆವೆಲ್‌ಇಟರೇಶನ್ ಎಂಬ ಆಯ್ಕೆಯಾಗಿ. ಇದನ್ನು ಟ್ರೂ ಮಾಡಿದರೆ ಕಂಪೈಲರ್ ನಿಜವಾದ ಇಟರೇಟರ್ (ಕೇಳಿದಂತೆ ಮುಂದಿನ ಅಂಶ ಕೊಡುವ ವಸ್ತು) ಬಳಸುತ್ತದೆ, ಬ್ರೇಕ್ ಆದಾಗ ಅದನ್ನು ಮುಚ್ಚಲು ಟ್ರೈ-ಫೈನಲಿ ಸೇರಿಸುತ್ತದೆ. ಕೋಡ್ ಉದ್ದವಾಗುತ್ತದೆ, ಸರಳ ಅರೇ ಲೂಪ್ ಕೂಡ ನಿಧಾನವಾಗುತ್ತದೆ. ಹಾಗಾಗಿಯೇ ಇದು ತಾನಾಗಿ ಆನ್ ಆಗಿರಲಿಲ್ಲ. ಆದರೂ ಸರಿಯಾದ ಅರ್ಥ ಬೇಕೆಂದವರು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕಾದ್ದು ಸರಿಯಾದ ಕ್ರಮವಲ್ಲ; ವೇಗ ಬೇಕಾದವರು ಕೇಳಿಕೊಳ್ಳುವಂತಿದ್ದರೆ ಎಷ್ಟೋ ತಲೆನೋವು ತಪ್ಪುತ್ತಿತ್ತು.

ತಡವಾಗಿ ಬರುವ ಫಲಿತಾಂಶಕ್ಕೆ ಕಾಯಲು ಬಳಸುವ ಅಸಿಂಕ್-ಅವೈಟ್‌ನ ದಾರಿಯೂ ಹೀಗೇ. 1.7ರಲ್ಲಿ ಇಎಸ್‌6ಗೆ ಮಾತ್ರ, 2016ರ 2.1ರಲ್ಲಿ ಇಎಸ್‌5ಕ್ಕೂ. ಇಎಸ್‌5ರಲ್ಲಿ ಫಂಕ್ಷನ್‌ನ ಒಡಲು, ಎಲ್ಲಿ ನಿಂತಿತ್ತೆಂದು ನೆನಪಿಟ್ಟು ಮುಂದುವರಿಯುವ, ಸ್ವಿಚ್ ತುಂಬಿದ ಸ್ಟೇಟ್ ಮಷೀನ್ ಆಗುತ್ತದೆ. ಇಳಿಸಿದ ಕೋಡನ್ನು ಮೂಲ ಸಾಲುಗಳಿಗೆ ಜೋಡಿಸುವ ಸೋರ್ಸ್ ಮ್ಯಾಪ್ ಇಲ್ಲದೆ ಡೀಬಗ್ ಮಾಡುವುದು ಕಷ್ಟ.

ಇಲ್ಲೇ ಹೆಚ್ಚಿನವರು ಎಡವುವುದು. ಟಾರ್ಗೆಟ್ ವಾಕ್ಯರಚನೆಯನ್ನು ಮಾತ್ರ ಬದಲಿಸುತ್ತದೆ. ಓಡುವಾಗ ಎಂಜಿನ್‌ನಲ್ಲೇ ಇರಬೇಕಾದ ಪ್ರಾಮಿಸ್, ಸಿಂಬಲ್‌ನಂಥವನ್ನು ಅದು ತಂದುಕೊಡುವುದಿಲ್ಲ. ಪ್ರಾಮಿಸ್ ಇಲ್ಲವೆಂದು ಕಂಪೈಲರ್ ದೂರಿದಾಗ ಲಿಬ್ ಪಟ್ಟಿಗೆ ಇಎಸ್‌2015 (ಇಎಸ್‌6ರ ಇನ್ನೊಂದು ಹೆಸರು) ಸೇರಿಸಿದರೆ ದೂರು ನಿಲ್ಲುತ್ತದೆ, ಆದರೆ ಹಳೆಯ ಬ್ರೌಸರ್‌ನಲ್ಲಿ ಪ್ರಾಮಿಸ್ ಹುಟ್ಟುವುದಿಲ್ಲ. ಲಿಬ್ ಎಂದರೆ 'ಇದು ಅಲ್ಲಿ ಇದೆ' ಎಂದು ನಾವು ಕೊಡುವ ಭರವಸೆ, ಅಷ್ಟೇ. 2023ರ 5.2ರಲ್ಲಿ ಬಂದ, ಬಳಸಿದ್ದನ್ನು ಕೊನೆಗೆ ತಾನೇ ಮುಚ್ಚುವ ಯೂಸಿಂಗ್ ಘೋಷಣೆಗೂ ಇದೇ ಮಾತು: ಟ್ರೈ-ಕ್ಯಾಚ್-ಫೈನಲಿ ಆಗಿ ಇಳಿಯುತ್ತದೆ, ಆದರೆ ಮುಚ್ಚುವ ಮೆಥಡ್‌ನ ಹೆಸರಾದ ಸಿಂಬಲ್.ಡಿಸ್ಪೋಸ್ ಇಲ್ಲದ ಕಡೆ ಓಡುವಾಗ ಮುರಿಯುತ್ತದೆ.

ಹಾಗಾಗಿ ಮೊದಲು, ಕೋಡ್ ಓಡಬೇಕಾದ ಅತಿ ಹಳೆಯ ಎಂಜಿನ್ ಯಾವುದೆಂದು ನಿರ್ಧರಿಸಿ ಟಾರ್ಗೆಟ್ ಬರೆಯಿರಿ. ಲಿಬ್‌ನಲ್ಲಿ ಅದಕ್ಕಿಂತ ಹೊಸದನ್ನು ಸೇರಿಸಿದರೆ, ಪ್ರತಿಯೊಂದಕ್ಕೂ ಪಾಲಿಫಿಲ್ (ಎಂಜಿನ್‌ನಲ್ಲಿ ಇಲ್ಲದ್ದನ್ನು ತುಂಬಿಕೊಡುವ ಕೋಡ್) ಹಾಕಿ, ಅದು ನಿಮ್ಮ ಕೋಡ್‌ಗಿಂತ ಮೊದಲು ಲೋಡ್ ಆಗುವಂತೆ ನೋಡಿಕೊಳ್ಳಿ. ಟಾರ್ಗೆಟ್ ಇಎಸ್‌5 ಆಗಿದ್ದು ಸೆಟ್, ಮ್ಯಾಪ್ ಬಳಸುತ್ತಿದ್ದರೆ ಡೌನ್‌ಲೆವೆಲ್‌ಇಟರೇಶನ್ ಬಿಡಬೇಡಿ. ಕಂಪೈಲರ್ ಸೇರಿಸುವ ಸಹಾಯಕ ಫಂಕ್ಷನ್‌ಗಳು ಪ್ರತಿ ಫೈಲಿನಲ್ಲೂ ಮರುಕಳಿಸದಿರಲು ಇಂಪೋರ್ಟ್‌ಹೆಲ್ಪರ್ಸ್ ಆನ್ ಮಾಡಿ, ಟಿಎಸ್‌ಲಿಬ್ ಪ್ಯಾಕೇಜ್ ಸೇರಿಸಿ.