ನೀರು ಇಳಿದರೆ ಬೋಲ್ಟ್ ತಿರುಗಿಸಬೇಡಿ

ಪಿಕಪ್ ಗಾಡಿಯ ಹಿಂದೆ ಸಾಮಾನು ಹಾಕುವ ತೆರೆದ ಜಾಗಕ್ಕೆ ಬೆಡ್ ಅನ್ನುತ್ತೇವೆ, ಅದರ ಮೇಲೆ ಮುಚ್ಚುವುದು ಕವರ್. ಮಳೆ ಶುರುವಾದರೆ ಸಾಕು, ಪಿಕಪ್ ತಂದು ನಿಲ್ಲಿಸುವವರ ದೂರು ಒಂದೇ. "ಸರ್, ಕವರ್ ಸೋರ್ತಿದೆ. ಕ್ಲಾಂಪ್ ಎಲ್ಲ ಇನ್ನೂ ಟೈಟ್ ಮಾಡಿ ನೋಡಿದೆ, ಆದ್ರೂ ನಿಂತಿಲ್ಲ." ಎರಡನೇ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಟೈಟ್ ಮಾಡಿದ್ದಕ್ಕೇ ಜಾಸ್ತಿ ಸೋರುತ್ತಿರಬಹುದು ಅಂದರೆ ಯಾರೂ ನಂಬುವುದಿಲ್ಲ.

ಮಡಚುವ ಗಟ್ಟಿ ಕವರ್‌ನಲ್ಲಿ ಹಲಗೆಗಳು ನೇರವಾಗಿ ಬೆಡ್ ಮೇಲೆ ಕೂರುವುದಿಲ್ಲ. ಎರಡೂ ಬದಿಗೆ ಉದ್ದಕ್ಕೆ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದನ್ನು ರೇಲ್ ಅನ್ನುತ್ತೇವೆ. ರೇಲನ್ನು ಬೆಡ್ ಅಂಚಿಗೆ ಹಿಡಿದಿಡುವುದು ಕ್ಲಾಂಪ್. ಅದರ ಕೆಲಸ ಅಷ್ಟೇ, ರೇಲ್ ಜರುಗದಂತೆ ನೋಡಿಕೊಳ್ಳುವುದು. ನೀರು ತಡೆಯುವುದು ರಬ್ಬರ್ ಸೀಲ್. ಎರಡೂ ಬೇರೆ ಬೇರೆ ಕೆಲಸ.

ಬೋಲ್ಟನ್ನು ಅತಿಯಾಗಿ ತಿರುಗಿಸಿದಾಗ ಕ್ಲಾಂಪ್ ಇರುವ ಕಡೆ ರೇಲ್ ಕೆಳಕ್ಕೆ ಎಳೆದುಕೊಳ್ಳುತ್ತದೆ. ಎರಡು ಕ್ಲಾಂಪ್‌ಗಳ ನಡುವೆ ಸ್ವಲ್ಪ ಉಬ್ಬುತ್ತದೆ. ನೇರವಾಗಿದ್ದ ಪಟ್ಟಿ ಅಲೆಯಂತಾಗುತ್ತದೆ. ಹಲಗೆ ಮಾತ್ರ ನೆಟ್ಟಗೇ ಇರುತ್ತದಲ್ವಾ? ತಗ್ಗಿದ ಕಡೆಯಲ್ಲೆಲ್ಲ ಸೀಲ್ ತಾಗುವುದಿಲ್ಲ, ಅಲ್ಲಿಂದಲೇ ನೀರು. ನೀರು ಕಂಡು ನೀವು ಇನ್ನೊಂದು ಸುತ್ತು ತಿರುಗಿಸುತ್ತೀರಿ. ರೇಲ್ ಇನ್ನಷ್ಟು ಬಾಗುತ್ತದೆ. ಬಾಗಿದ ಅಲ್ಯೂಮಿನಿಯಂ ಮತ್ತೆ ಮೊದಲಿನಂತೆ ನೆಟ್ಟಗಾಗುವುದು ಅಪರೂಪ. ಎಷ್ಟು ಬಿಗಿ ಬೇಕು ಎಂದು ಕವರ್ ಜೊತೆ ಬಂದ ಕೈಪಿಡಿಯಲ್ಲಿ ಬರೆದಿರುತ್ತದೆ. ಒಂದೊಂದು ಮಾಡೆಲ್‌ಗೆ ಒಂದೊಂದು ಲೆಕ್ಕ, ಹಾಗಾಗಿ ನಾನು ಅಂಕಿ ಹೇಳುವುದಿಲ್ಲ. ಸಾಧ್ಯವಾದರೆ ಟಾರ್ಕ್ ರೆಂಚ್ ಬಳಸಿ, ಎಷ್ಟು ಬಿಗಿಯಾಯಿತು ಎಂದು ತಿಳಿಸುವ ಸ್ಪ್ಯಾನರ್ ಅದು. ಬಡಿದು ಬಡಿದು ಬಿಗಿಯುವ ಯಂತ್ರ, ಇಂಪ್ಯಾಕ್ಟ್ ಗನ್ ಮಾತ್ರ ಬೇಡವೇ ಬೇಡ.

ಹಾಗಾದರೆ ಸೋರುವಾಗ ಏನು ಮಾಡಬೇಕು? ಮೊದಲು ಅಳತೆ ಟೇಪ್ ಹಿಡಿಯಿರಿ. ಎರಡು ರೇಲ್‌ಗಳ ನಡುವಿನ ಅಂತರ ಮುಂದೆ, ಮಧ್ಯೆ, ಹಿಂದೆ ಒಂದೇ ಇದೆಯಾ? ಆಮೇಲೆ ಮೂಲೆಯಿಂದ ಮೂಲೆಗೆ, ಕ್ರಾಸ್ ಆಗಿ ಎರಡೂ ಕಡೆ ಅಳೆಯಿರಿ. ಆ ಎರಡು ಅಳತೆ ಸಮ ಬರದಿದ್ದರೆ ಒಂದು ರೇಲ್ ಮುಂದಕ್ಕೋ ಹಿಂದಕ್ಕೋ ಜರುಗಿದೆ. ಎಲ್ಲ ಬೋಲ್ಟ್ ಸಡಿಲಿಸಿ, ಸರಿಸಿ, ಮತ್ತೆ ಅಳೆದು, ಕವರ್ ಮುಚ್ಚಿ ನೋಡಿದ ಮೇಲೆಯೇ ಬಿಗಿ ಮಾಡಿ. ಇದಕ್ಕೆ ಅರ್ಧ ಗಂಟೆ ಹಿಡಿಯಬಹುದು, ಬೇಸರ ಮಾಡಿಕೊಳ್ಳಬೇಡಿ. ಸೀಲ್ ಎಲ್ಲಿ ಹಿಡಿಯುತ್ತಿಲ್ಲ ಎಂದು ತಿಳಿಯಲು ಕಾಗದದ ಚೂರು ಸಾಕು. ಅದನ್ನು ಸೀಲ್ ಮೇಲಿಟ್ಟು ಕವರ್ ಮುಚ್ಚಿ ಎಳೆಯಿರಿ. ಸುಮ್ನೆ ಜಾರಿ ಬಂತಾ? ಅಲ್ಲೇ ತೊಂದರೆ.

ಒಬ್ಬರು ಮೇಷ್ಟ್ರು ಪುಸ್ತಕದ ಪೆಟ್ಟಿಗೆಗಳನ್ನು ಪಿಕಪ್‌ನಲ್ಲಿ ಒಯ್ಯುತ್ತಿದ್ದರು. ತುಂಬಾ ಜತನದ ಮನುಷ್ಯ. ಪ್ರತಿ ಮಳೆ ಆದ ಮೇಲೂ ಒಂದು ಸುತ್ತು ಬಿಗಿ ಮಾಡಿ ಮಾಡಿ ಎಡಗಡೆಯ ರೇಲ್ ಅಲೆಯಾಗಿತ್ತು. ಅದನ್ನು ಬದಲಿಸಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದರು. ಪುಸ್ತಕ ನೆನೆದಿದ್ದವು, ಅವರ ಮುಖ ನೋಡಲಾಗಲಿಲ್ಲ. ಬೆಡ್ ತುಂಬ ಹಳೆ ಪೇಪರ್ ಹಾಸಿ, ಕವರ್ ಮುಚ್ಚಿ, ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟೆವು. ತೆಗೆದು ನೋಡಿದರೆ ಬದಿಗಳೆಲ್ಲ ಒಣಗಿದ್ದವು, ಹಿಂದಿನ ಒಂದು ಗೇಣು ಮಾತ್ರ ಒದ್ದೆ. ನೀರು ಬರುತ್ತಿದ್ದದ್ದು ಟೇಲ್‌ಗೇಟ್, ಅಂದರೆ ಬೆಡ್‌ನ ಹಿಂಬಾಗಿಲಿನ ಸಂದಿಯಿಂದ! ಮೊದಲ ಸಲವೇ ನಾನು ಪೇಪರ್ ಹಾಸಿ ನೋಡಬೇಕಿತ್ತು.

ಪಿಕಪ್ ಬೆಡ್ ಡಬ್ಬಿ ಅಲ್ಲ. ಟೇಲ್‌ಗೇಟ್ ಸುತ್ತ ಸಂದಿ ಇರುತ್ತದೆ, ನೀರು ಹೋಗಲೆಂದು ತಳದಲ್ಲಿ ತೂತುಗಳೂ ಇರುತ್ತವೆ. ಮೇಲಿನ ಕವರ್ ಎಷ್ಟೇ ಗಟ್ಟಿ ಇರಲಿ, ಅದು ಇವನ್ನು ಮುಚ್ಚುವುದಿಲ್ಲ. ಟೇಲ್‌ಗೇಟ್‌ಗೆ ಬೇರೆ ಸೀಲ್ ಸಿಗುತ್ತದೆ, ಅಂಟಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಆದರೂ ಒಂದು ಹನಿಯೂ ಬರುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಒದ್ದೆಯಾಗಲೇಬಾರದ ಸಾಮಾನಿದ್ದರೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ.

ಇನ್ನೂ ಕೊಳ್ಳದವರಿಗೆ ಎರಡು ಮಾತು. ಬೆಡ್ ಉದ್ದವನ್ನು ಟೇಲ್‌ಗೇಟ್ ಮುಚ್ಚಿ, ಒಳಗಿನಿಂದ ಅಳೆಯಿರಿ. ಬೆಡ್ ಒಳಗೆ ಹಾಸಿ, ಅಂಚಿನ ಮೇಲೂ ಹತ್ತಿ ಕೂರುವ ಪ್ಲಾಸ್ಟಿಕ್ ಹೊದಿಕೆ, ಅಂದರೆ ಬೆಡ್ ಲೈನರ್ ಇದ್ದರೆ ಮೊದಲೇ ಹೇಳಿ. ಕ್ಲಾಂಪ್ ಲೋಹವನ್ನೇ ಹಿಡಿಯಬೇಕು, ಹಾಗಾಗಿ ಅಲ್ಲಲ್ಲಿ ಲೈನರ್ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಮೇಲೆ ಬಿಗಿದ ಕ್ಲಾಂಪ್ ಕೆಲವೇ ದಿನದಲ್ಲಿ ಸಡಿಲವಾಗುತ್ತದೆ. ಆಗ ಮತ್ತೆ ಶುರು, ಒಂದೊಂದೇ ಸುತ್ತು.

ಹಾಕಿಸಿದ ಒಂದೆರಡು ವಾರಕ್ಕೆ ಬೋಲ್ಟ್‌ಗಳನ್ನು ಒಮ್ಮೆ ಪರೀಕ್ಷಿಸಿ. ಸಡಿಲವಾಗಿದ್ದರೆ ಕೈಪಿಡಿಯ ಲೆಕ್ಕಕ್ಕೆ ತನ್ನಿ, ಅಲ್ಲಿಗೆ ಸ್ಪ್ಯಾನರ್ ಒಳಗಿಡಿ. ಸೀಲ್ ಒರೆಸಲು ಪೆಟ್ರೋಲ್, ಡೀಸೆಲ್ ಮುಟ್ಟಿಸಬೇಡಿ, ರಬ್ಬರ್ ಹಾಳಾಗುತ್ತದೆ. ಸೋಪು ನೀರು ಸಾಕು.